ಉಜ್ಜಿದಷ್ಟೂ ತೆಳುವಾಗುವ ಮೆರುಗು

ಹಳೆಯ ಕಾರೊಂದು ಗ್ಯಾರೇಜಿಗೆ ಬಂದರೆ ಪಳಗಿದ ಪೇಂಟರ್ ಮೊದಲು ಬಾನೆಟ್ಟಿನ ಕಡೆ ನೋಡುವುದಿಲ್ಲ. ಬಾಗಿಲು ತೆಗೆದು ಕೀಲಿನ ಸಂದಿಯಲ್ಲಿ ಇಣುಕುತ್ತಾನೆ, ಡಿಕ್ಕಿಯ ರಬ್ಬರ್ ಬೀಡಿಂಗ್ ಎತ್ತುತ್ತಾನೆ, ಸೀಟು ಕಳಚಿ ಅದರಡಿಯ ತಗಡನ್ನು ನೋಡುತ್ತಾನೆ. ಆಮೇಲೆ ಯಾರ ಕಣ್ಣಿಗೂ ಬೀಳದ ಒಂದು ಮೂಲೆಯಲ್ಲಿ, ನಾಣ್ಯದಗಲದ ಜಾಗವನ್ನು ಒದ್ದೆ ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜುತ್ತಾನೆ. ಮೇಲಿನ ಬಿಳಿ ಸವೆದ ಕಡೆ ತಿಳಿಹಸಿರು ಇಣುಕುತ್ತದೆ. ಹಸಿರಿನ ಒಳಗೆ ಕೆನೆ ಬಣ್ಣ, ಅದರ ಒಳಗೆ ಕಡುಗಪ್ಪು, ಅದಕ್ಕೂ ಒಳಗೆ ಇಟ್ಟಿಗೆ ಕೆಂಪಿನ ಪ್ರೈಮರು, ನಟ್ಟನಡುವೆ ಮಿಂಚುವ ತಗಡು. ಕೊಯ್ದ ಮರದ ಬುಡದಲ್ಲಿ ಕಾಣುವಂಥ ಉಂಗುರಗಳು.

ಈ ಉಂಗುರ ಓದಬಲ್ಲವನಿಗೆ ಕಾರಿನ ಜಾತಕ ಸಿಕ್ಕಿದಂತೆ. ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಹೊರಬಂತು, ಎಷ್ಟು ಸಲ ಮೈ ಬದಲಿಸಿತು, ಎಲ್ಲಿ ಗುದ್ದಿಸಿಕೊಂಡು ಪುಟ್ಟಿ ತುಂಬಿಸಿಕೊಂಡಿತು, ಎಲ್ಲವೂ ಅಲ್ಲಿದೆ. ಇಡೀ ಜಾತಕದ ದಪ್ಪ ಮಾತ್ರ ಹೆಚ್ಚುಕಡಿಮೆ ಒಂದು ಅಂಚೆ ಕಾರ್ಡಿನಷ್ಟು. ಕಾರಿಗೆ ಹೊಳಪು ಕೊಡುವ ಕಸುಬಿನ ಚರಿತ್ರೆ ನಡೆದಿರುವುದು ಈ ಕಾರ್ಡಿನ ದಪ್ಪದೊಳಗೆ. ಪಾಲಿಶ್ ಎಂದರೆ ಏನನ್ನೋ ಹಚ್ಚುವುದೆಂದು ಹೆಚ್ಚಿನವರು ತಿಳಿದಿದ್ದಾರೆ. ಹಚ್ಚುವುದು ಮೇಣವನ್ನು. ಪಾಲಿಶ್ ಮಾಡುವುದೆಂದರೆ ತೆಗೆಯುವುದು: ಬಿಸಿಲಿಗೆ ಸತ್ತ ಬಣ್ಣವನ್ನೋ ಗೀರಿನ ದಡಗಳನ್ನೋ ಕೂದಲೆಳೆಗಿಂತ ತೆಳ್ಳಗೆ ಹೆರೆದು, ಕೆಳಗಿನ ನುಣುಪು ಪದರ ಬೆಳಕನ್ನು ನೇರವಾಗಿ ಹಿಂದಿರುಗಿಸುವಂತೆ ಮಾಡುವುದು.

ಮೊದಲ ಕಾರುಗಳ ಎಂಜಿನ್ ಹೊಸದು, ಮೈ ಹಳೆಯದು. ಆ ಮೈಯನ್ನು ಕಟ್ಟಿದವರು ಸಾರೋಟಿನವರು. ಮದರಾಸಿನ ಸಿಂಪ್ಸನ್ ಕಂಪನಿ ಸಾರೋಟು ಕಟ್ಟುವುದಕ್ಕೆ ಹೆಸರಾಗಿತ್ತು. ಅಲ್ಲಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ 1903ರಲ್ಲಿ ಉಗಿಯಿಂದ ಓಡುವ ಕಾರು ಕಟ್ಟಿ ರಸ್ತೆಗಿಳಿಸಿದರು. ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ, ಡೆಟ್ರಾಯಿಟ್‌ನಲ್ಲಿ ಆದದ್ದೂ ಇದೇ. ಕುದುರೆ ಹೋಯಿತು, ಕುದುರೆಗಾಡಿಯ ಬಣ್ಣಗಾರ ಉಳಿದ.

ಆ ಬಣ್ಣಗಾರನ ಕೆಲಸಕ್ಕೆ ದಿನಗಳ ಲೆಕ್ಕ ಸಾಲದು, ವಾರಗಳ ಲೆಕ್ಕ ಬೇಕು. ಅಗಸೆ ಎಣ್ಣೆಯಲ್ಲಿ ಅರೆದ ಸೀಸದ ಬಿಳಿ ಮೊದಲ ಪದರ. ಅದರ ಮೇಲೆ ಕಲ್ಲಿನ ಪುಡಿ ಬೆರೆಸಿದ ಗಟ್ಟಿ ಲೇಪ, ಒಂದರ ಮೇಲೊಂದು ಹಲವು ಸಲ. ಅದನ್ನು ನೀರು ಚಿಮುಕಿಸುತ್ತ ಪ್ಯೂಮಿಸ್ ಕಲ್ಲಿನಿಂದ ತೇಯ್ದು ಗಾಜಿನ ಹಾಗೆ ಸಮ ಮಾಡಬೇಕು. ಆಮೇಲೆ ಬಣ್ಣ, ಬಣ್ಣದ ಮೇಲೆ ವಾರ್ನಿಷಿನ ಪದರಗಳು, ಒಂದೊಂದೂ ಒಣಗಲು ದಿನಗಟ್ಟಲೆ ಕಾಯಬೇಕು. ವಾರ್ನಿಷ್ ಕೋಣೆಯ ನೆಲಕ್ಕೆ ಧೂಳೇಳದಂತೆ ನೀರು ಚಿಮುಕಿಸುತ್ತಿದ್ದರು. ಎರಡು ಪದರಗಳ ನಡುವೆ ಮತ್ತೆ ಉಜ್ಜಾಟ. ಕೊನೆಗೆ ಹಿಟ್ಟಿನಷ್ಟು ನಯವಾದ ಕಲ್ಲುಪುಡಿ, ಒಂದಿಷ್ಟು ಎಣ್ಣೆ, ಮತ್ತು ಬರಿಯ ಅಂಗೈ. ಯಾವ ಬಟ್ಟೆಯೂ ತಿಳಿಸದ ತರಿಯನ್ನು ಅಂಗೈಯ ಬುಡ ತಿಳಿಸುತ್ತದೆ. ಈ ನೂರಿಪ್ಪತ್ತು ವರ್ಷಗಳಲ್ಲಿ ಕಸುಬು ಬಹಳಷ್ಟನ್ನು ಕೈಬಿಟ್ಟಿದೆ. ಕಾರಿನ ಮೈಮೇಲೆ ಬೆರಳಾಡಿಸಿ ನೋಡುವ ಅಭ್ಯಾಸವನ್ನು ಮಾತ್ರ ಬಿಟ್ಟಿಲ್ಲ.

ವಾರ್ನಿಷಿನ ಜೀವ ಮರದ ಅಂಟಿನಲ್ಲಿತ್ತು. ಜಾಂಜಿಬಾರಿನಿಂದ ಕೋಪಾಲ್, ನ್ಯೂಜಿಲೆಂಡಿನಿಂದ ಕೌರಿ ಹಡಗು ಹತ್ತಿ ಯುರೋಪಿಗೆ ಹೋಗುತ್ತಿದ್ದವು. ನಮ್ಮ ಪಶ್ಚಿಮ ಘಟ್ಟದ ಧೂಪದ ಮರವೂ ಈ ಬಳಗದ್ದೇ. ಮಲೆನಾಡಿನ ರಸ್ತೆ ಬದಿಯಲ್ಲಿ ಸಾಲುಧೂಪವಾಗಿ ನಿಂತಿರುವ ಈ ಮರದ ಅಂಟು ವ್ಯಾಪಾರಿಗಳ ಬಾಯಲ್ಲಿ ಇಂಡಿಯನ್ ಕೋಪಾಲ್ ಅನ್ನಿಸಿಕೊಂಡಿತು. ಪೂಜೆಗೆ ಹೊಗೆಯಾಗುವ ವಸ್ತುವೇ ವಾರ್ನಿಷಿಗೂ ಆಗುತ್ತಿತ್ತು.

ಇಷ್ಟೆಲ್ಲ ಪಟ್ಟು ಪಡೆದ ಮೆರುಗಿಗೆ ಆಯುಸ್ಸು ಕಡಿಮೆ. ವಾರ್ನಿಷ್ ಬಿಸಿಲಿಗೆ ಹಳದಿಯಾಗುತ್ತಿತ್ತು, ಬಿರಿಯುತ್ತಿತ್ತು. ಲಾಯದಿಂದ ಏಳುವ ಅಮೋನಿಯದ ಘಾಟಿಗೇ ಮಂಕಾಗುತ್ತಿತ್ತು. ಕೆಸರು ಒಣಗುವ ಮುಂಚೆ ನೀರು ಹರಿಸಿ ತೊಳೆಯಬೇಕು, ಒಣಗಿದ ಕೆಸರನ್ನು ಎಂದೂ ಒರೆಸಬಾರದು, ಮೆದು ತೊಗಲಿನಿಂದ ನೀರು ಹೀರಿಸಬೇಕು ಎಂಬ ಸಾರೋಟು ಕಾಲದ ಕಟ್ಟಳೆಗಳು ಇವತ್ತಿನ ಯಾವ ಡೀಟೇಲಿಂಗ್ ಅಂಗಡಿಯಲ್ಲೂ ಮೊದಲ ಪಾಠ. ಹೆಗಲ ಮೇಲಿನ ಹಳದಿ ಬಟ್ಟೆಯಿಂದ ಧೂಳು ತುಂಬಿದ ಕಾರನ್ನು ಬೆಳಗಾಗೆದ್ದು ಒಣ ಒರೆಸುವುದು ನಮ್ಮಲ್ಲಿ ಶ್ರದ್ಧೆಯ ಗುರುತು. ಬೆಳಗಿನ ಓರೆ ಬಿಸಿಲಿನಲ್ಲಿ ಅಂಥ ಕಾರಿನ ಬಾನೆಟ್ ನೋಡಿದರೆ ಜೇಡರ ಬಲೆ ಹಾಸಿದಂತೆ ಸುತ್ತು ಗೀರುಗಳು ಕಾಣುತ್ತವೆ. ಶ್ರದ್ಧೆ ಇಟ್ಟ ಕಡೆಯೇ ಗಾಯ.

ಹೆನ್ರಿ ಫೋರ್ಡರ ಮಾಡೆಲ್ ಟಿ 1908ರಲ್ಲಿ ಬಂದಾಗ ಬೂದು, ಹಸಿರು, ಕೆಂಪು, ನೀಲಿಗಳಲ್ಲಿ ಸಿಗುತ್ತಿತ್ತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಸಾಗುವ ಜೋಡಣಾ ಸಾಲು ಶುರುವಾಯಿತು. ಅದಕ್ಕೂ ಮೊದಲು ಒಂದು ಚಾಸಿಸ್ ಜೋಡಿಸಲು ಹನ್ನೆರಡು ತಾಸಿಗೂ ಹೆಚ್ಚು ಹಿಡಿಯುತ್ತಿತ್ತು. ಮರುವರ್ಷ ಅದು 93 ನಿಮಿಷಕ್ಕಿಳಿಯಿತು. ಒಂದೂವರೆ ತಾಸಿನಲ್ಲಿ ಸಿದ್ಧವಾಗುವ ಕಾರು ಬಣ್ಣಕ್ಕಾಗಿ ವಾರಗಟ್ಟಲೆ ಕೂತರೆ ಆಗುತ್ತದೆಯೇ? 1914ರಿಂದ 1925ರವರೆಗೆ ಮಾಡೆಲ್ ಟಿಗೆ ಕಪ್ಪು ಬಿಟ್ಟು ಬೇರೆ ಬಣ್ಣವಿರಲಿಲ್ಲ. ಡಾಂಬರಿನ ಜಾತಿಯ ಖನಿಜವನ್ನು ಎಣ್ಣೆಯಲ್ಲಿ ಕರಗಿಸಿ ಮಾಡಿದ ‘ಬ್ಲ್ಯಾಕ್ ಜಪಾನ್’ ಅಗ್ಗವಾಗಿತ್ತು, ಗಟ್ಟಿಯಾಗಿತ್ತು, ಒಲೆಯಲ್ಲಿಟ್ಟು ಬೇಯಿಸಬಹುದಾಗಿತ್ತು. ಜಪಾನಿನ ಮೆರುಗಿನ ಸಾಮಾನುಗಳನ್ನು ಯುರೋಪಿನವರು ಅನುಕರಿಸಲು ಹೋದಾಗ ಹುಟ್ಟಿಕೊಂಡ ಹೆಸರದು.

ಬಣ್ಣವೂ ಬೇಕು, ಬೇಗವೂ ಒಣಗಬೇಕು. ಈ ಗಂಟು ಬಿಡಿಸಿದ್ದು ಸಿಡಿಮದ್ದಿನ ಕಂಪನಿ.

ಜನರಲ್ ಮೋಟಾರ್ಸ್‌ನ ಸಂಶೋಧನೆಯ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ಬಣ್ಣದವರನ್ನು ಕೂರಿಸಿಕೊಂಡು ಕಾರಿಗೆ ಬಣ್ಣ ಹಾಕಲು ಎಷ್ಟು ಹೊತ್ತು ಬೇಕೆಂದು ಕೇಳಿದರಂತೆ. 37 ದಿನ ಅಂದರು. ಬಹಳ ಹಿಂಡಿದರೆ 30ಕ್ಕೆ ಇಳಿಸಬಹುದು ಅಂದರು. ಒಂದು ತಾಸಿನಲ್ಲಾದರೆ ಸರಿ ಅಂದರಂತೆ ಕೆಟರಿಂಗ್. ಅವರ ಆತುರಕ್ಕೆ ಕಾರಣವಿತ್ತು. ದಿನಕ್ಕೆ ಸಾವಿರ ಕಾರು ಕಟ್ಟುವ ಕಾರ್ಖಾನೆಯಲ್ಲಿ ಒಂದೊಂದಕ್ಕೂ 37 ದಿನ ಹಿಡಿದರೆ ಯಾವ ಹೊತ್ತಿಗೂ 37 ಸಾವಿರ ಕಾರುಗಳು ಸೂರಿನಡಿ ನಿಂತಿರಬೇಕು. ಅತ್ತ ಡ್ಯುಪಾಂಟ್ ಕಂಪನಿ ಮೊದಲ ಮಹಾಯುದ್ಧಕ್ಕೆಂದು ನೈಟ್ರೋಸೆಲ್ಯುಲೋಸ್ ತಯಾರಿಸಿ ತಯಾರಿಸಿ, ಯುದ್ಧ ಮುಗಿದ ಮೇಲೆ ಅದಕ್ಕೆ ಹೊಸ ದಾರಿ ಹುಡುಕುತ್ತಿತ್ತು. ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಪಡೆಯುವ ಈ ವಸ್ತು ಗುಂಡಿನ ಮದ್ದೂ ಹೌದು, ಸಿನಿಮಾ ರೀಲೂ ಹೌದು. ದ್ರಾವಕದಲ್ಲಿ ಕರಗಿಸಿ ಬಳಿದರೆ ಕ್ಷಣದಲ್ಲಿ ಒಣಗುವ ಬಣ್ಣವೂ ಆಗುತ್ತಿತ್ತು. ತೊಡಕೆಂದರೆ ಅದರ ಪಾಕ ವಿಪರೀತ ಮಂದ. ತೆಳುವಾಗಿಸಿದರೆ ಬಣ್ಣವೇ ನಿಲ್ಲದು. ನ್ಯೂಜೆರ್ಸಿಯ ಪಾರ್ಲಿನ್‌ನಲ್ಲಿದ್ದ ಡ್ಯುಪಾಂಟ್ ಪ್ರಯೋಗಾಲಯ 1920ರ ದಶಕದ ಮೊದಲಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡಿತು. ಹೊಸ ಬಣ್ಣದ ಹೆಸರು ಡ್ಯೂಕೋ. 1924ರ ಮಾದರಿಯ ಓಕ್ಲ್ಯಾಂಡ್ ಕಾರು ‘ಟ್ರೂ ಬ್ಲೂ’ ಎಂಬ ನೀಲಿಯಲ್ಲಿ ಮಾರುಕಟ್ಟೆಗೆ ಬಂತು. ವಾರಗಳ ಕೆಲಸ ತಾಸುಗಳಿಗಿಳಿಯಿತು. ಕಪ್ಪಿನ ಆಳ್ವಿಕೆ ಅಲ್ಲಿಗೆ ಮುಗಿಯಿತು; 1926ರಲ್ಲಿ ಮಾಡೆಲ್ ಟಿ ಕೂಡ ಮತ್ತೆ ಬಣ್ಣ ತೊಟ್ಟಿತು.

ಡ್ಯೂಕೋ ಒಣಗುವ ಅವಸರ ಎಷ್ಟೆಂದರೆ ಕುಂಚ ಎಳೆದ ಗೆರೆ ಕೂಡಿಕೊಳ್ಳುವ ಮುಂಚೆಯೇ ಗಟ್ಟಿಯಾಗುತ್ತಿತ್ತು. ಅದಕ್ಕೆ ಸ್ಪ್ರೇ ಗನ್ನೇ ಬೇಕು. ಗನ್ ಬಂದದ್ದು ವೈದ್ಯರ ಮನೆಯಿಂದ. ಅಮೆರಿಕದ ಟೊಲೆಡೊ ನಗರದಲ್ಲಿ ಗಂಟಲಿಗೆ ಔಷಧ ಚಿಮುಕಿಸುವ ಸಾಧನ ಮಾಡಿದವರು ಡಾ. ಅಲೆನ್ ಡಿವಿಲ್ಬಿಸ್, ಅವರ ಮಗ ಥಾಮಸ್ 20ನೇ ಶತಮಾನದ ಮೊದಲ ದಶಕದಲ್ಲಿ ಅದನ್ನೇ ಹಿಗ್ಗಿಸಿ ಬಣ್ಣದ ಗನ್ ಮಾಡಿದರು. ಕುಂಚ ಹಿಡಿದ ಸಾರೋಟಿನ ಬಣ್ಣಗಾರನಿಗೆ ಇನ್ನು ಕೆಲಸ ಉಳಿದದ್ದು ಒಂದೇ ಕಡೆ: ಮೈಯುದ್ದಕ್ಕೂ ಎಳೆಯುವ ಸಪುರ ಗೆರೆಯಲ್ಲಿ. ಚೆನ್ನೈನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಬುಲೆಟ್ಟಿನ ಪೆಟ್ರೋಲ್ ಟ್ಯಾಂಕಿಗೆ ಚಿನ್ನದ ಗೆರೆಯನ್ನು ಕೈಯಿಂದಲೇ ಎಳೆಯುವ ಪದ್ಧತಿ ಈ ಶತಮಾನಕ್ಕೂ ಬಂತು. ಉಸಿರು ಹಿಡಿದು, ಬಾಗಿದ ಟ್ಯಾಂಕಿನ ಸುತ್ತ ಒಂದೇ ಎಳೆತಕ್ಕೆ ಗೆರೆ ಮೂಡಿಸುವ ಆ ಕೈಯನ್ನು ಕಂಡವರಿಗೆ ಸಾರೋಟಿನ ಕಾಲ ತೀರಾ ದೂರದ್ದೆನಿಸುವುದಿಲ್ಲ.

ಡ್ಯೂಕೋ ತನ್ನ ಜೊತೆ ಇನ್ನೊಂದು ಕಸುಬನ್ನೇ ಕರೆತಂದಿತು. ಈ ಬಣ್ಣ ಗನ್ನಿನಿಂದ ಬಿದ್ದಾಗ ಮಂಕಾಗಿರುತ್ತದೆ. ಉಜ್ಜಿದರಷ್ಟೇ ಹೊಳೆಯುತ್ತದೆ. ಹಲವು ಪದರ ಹೊಡೆದು, ಒದ್ದೆ ಕಾಗದದಿಂದ ಸಮ ಮಾಡಿ, ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿ ತಿಕ್ಕಿ ಮೆರುಗು ಎಬ್ಬಿಸಬೇಕು. ಕೈಯಿಂದ ತಿಕ್ಕಿದ ಲ್ಯಾಕರ್ ಎನ್ನುವುದು ದುಬಾರಿ ಕಾರುಗಳ ಹೆಗ್ಗಳಿಕೆಯಾಯಿತು. ಕೊಂಡ ಮೇಲೂ ತಿಕ್ಕುವುದು ತಪ್ಪಲಿಲ್ಲ, ಏಕೆಂದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೇಲ್ಪದರದ ಅಂಟು ಸತ್ತು ಬಣ್ಣದ ಪುಡಿ ಸುಣ್ಣದಂತೆ ಮೇಲೆ ಕೂರುತ್ತಿತ್ತು. ಡ್ಯುಪಾಂಟ್ ಕಂಪನಿಯೇ ನಂಬರ್ 7 ಎಂಬ ಪಾಲಿಶ್ ಡಬ್ಬಿಯನ್ನೂ ಮಾರಿತು: ಬಣ್ಣ ಕೊಟ್ಟವರೇ ಅದನ್ನು ತೆಗೆಯುವ ಮದ್ದನ್ನೂ ಕೊಟ್ಟರು. ಷಿಕಾಗೊದ ಸೈಮನೈಸ್ ಎಷ್ಟು ಮನೆಮಾತಾಯಿತೆಂದರೆ ಅಮೆರಿಕದ ಇಂಗ್ಲಿಷಿನಲ್ಲಿ ಕಾರಿಗೆ ಮೆರುಗು ಕೊಡುವುದಕ್ಕೆ ಅದೇ ಕ್ರಿಯಾಪದವಾಯಿತು. 1901ರಲ್ಲಿ ಇಂಡಿಯಾನಾದಲ್ಲಿ ಫ್ರಾಂಕ್ ಮೆಗ್ವಾಯರ್ ಪೀಠೋಪಕರಣಕ್ಕೆಂದು ಶುರುಮಾಡಿದ ಪಾಲಿಶ್ ಕಾರಿನತ್ತ ಹೊರಳಿತು. ಭಾನುವಾರ ಬೆಳಗ್ಗೆ ಮನೆಯ ಮುಂದೆ ಕಾರು ನಿಲ್ಲಿಸಿ ಮೇಣ ತಿಕ್ಕುವುದು ಒಂದು ಸಂಸಾರದ ಚಿತ್ರವಾಯಿತು.

ಆ ಮೇಣಗಳ ರಾಜ ಕರ್ನೂಬ. ಈಶಾನ್ಯ ಬ್ರೆಜಿಲ್‌ನ ಒಣ ಸೀಮೆಯಲ್ಲಿ ಬೆಳೆಯುವ ಒಂದು ತಾಳೆ ಮರ ನೀರಾರದಂತೆ ತನ್ನ ಗರಿಗೆ ತಾನೇ ಮೇಣ ಹೊದಿಸಿಕೊಳ್ಳುತ್ತದೆ. ಗರಿ ಕೊಯ್ದು, ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದು ಕರಗಲು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು. ಜೇನುಮೇಣಕ್ಕೆ 65ರ ಒಳಗೇ ಸಾಕು. ನಡುಮಧ್ಯಾಹ್ನದ ಬಾನೆಟ್ ಮೇಲೆ ಕರ್ನೂಬ ನಿಲ್ಲುವುದು ಇದರಿಂದಲೇ. ಮೇಣದ ವ್ಯಾಪಾರಿ ಹರ್ಬರ್ಟ್ ಜಾನ್ಸನ್ 1935ರಲ್ಲಿ ಈ ಮರಗಳನ್ನು ಹುಡುಕಿಕೊಂಡು, ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನದಲ್ಲಿ ಅಮೆರಿಕದ ರಸೀನ್ ಊರಿನಿಂದ ಬ್ರೆಜಿಲ್‌ವರೆಗೆ ಹಾರಿ ಹೋದರು.

ಕನ್ನಡದವರಿಗೆ ತಾಳೆಯೂ ಮೆರುಗೂ ಜೊತೆಗೂಡಿ ನೆನಪಾಗಬೇಕಾದ್ದು ಚನ್ನಪಟ್ಟಣದಲ್ಲಿ. ಅಲ್ಲಿಯ ಬೊಂಬೆ ಕುಶಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣ ತಾಳೆಗರಿ ಒತ್ತಿ ಹಿಡಿದರೆ ಬೊಂಬೆ ಕನ್ನಡಿಯಾಗುತ್ತದೆ. ಕಾರಿನ ಬಣ್ಣಕ್ಕೆ ಲ್ಯಾಕರ್ ಎಂಬ ಹೆಸರು ಬಂದದ್ದೂ ಈ ಅರಗಿನಿಂದಲೇ. ಸಂಸ್ಕೃತದ ಲಾಕ್ಷಾ ಪೋರ್ಚುಗೀಸರ ಬಾಯಲ್ಲಿ ಹೊರಳಿ ಇಂಗ್ಲಿಷಿಗೆ ಹೋಯಿತು. ಡ್ಯೂಕೋದಲ್ಲಿ ಅರಗು ಇಲ್ಲ, ಹೆಸರಷ್ಟೇ ಉಳಿಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ 1937ರಲ್ಲಿ ಹುಟ್ಟಿದ ಕಾರ್ಖಾನೆಯ ಹೆಸರಿನಲ್ಲಿ ಎರಡೂ ಅಕ್ಕಪಕ್ಕ ಇದ್ದವು: ಮೈಸೂರು ಲ್ಯಾಕ್ ಆ್ಯಂಡ್ ಪೇಂಟ್ ವರ್ಕ್ಸ್. ಕಾಡಿನ ಅರಗನ್ನು ನೆಚ್ಚಿ ಶುರುವಾದ ಆ ಸಂಸ್ಥೆ ಇವತ್ತು ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ಎಂಬ ಹೆಸರಿನಲ್ಲಿ, ಮತದಾರರ ಬೆರಳಿಗೆ ಹಚ್ಚುವ ಶಾಯಿಗಾಗಿ ದೇಶಕ್ಕೆಲ್ಲ ಪರಿಚಿತ.

ಭಾರತದ ಗ್ಯಾರೇಜುಗಳಲ್ಲಿ ಡ್ಯೂಕೋ ಬರಿಯ ಬ್ರಾಂಡಾಗಿ ಉಳಿಯಲಿಲ್ಲ, ಜಾತಿವಾಚಕವಾಯಿತು. ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟ್ ಯಾರು ಮಾಡಿದ್ದರೂ ಡ್ಯೂಕೋ. ಬೀರುವಿಗೆ ಹೊಡೆದರೂ ಡ್ಯೂಕೋ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಟಿಂಕರಿಂಗ್ ಶೆಡ್ಡಿಗೆ ಹೋದವರ ಮೂಗಿನಲ್ಲಿ ಥಿನ್ನರಿನ ವಾಸನೆ ಈಗಲೂ ಇದ್ದೀತು. ಹಳೆಯ ಲ್ಯಾಕರುಗಳಿಗೆ ಬಳಸುತ್ತಿದ್ದ ದ್ರಾವಕಕ್ಕಂತೂ ಕಳಿತ ಬಾಳೆಹಣ್ಣಿನ ವಾಸನೆ. ರೆಡ್ ಆಕ್ಸೈಡ್, ಪುಟ್ಟಿ, ಸರ್ಫೇಸರ್, ಗನ್ನಿನಿಂದ ಬಣ್ಣ, ಆಮೇಲೆ ಬಕೆಟ್ ನೀರು ಇಟ್ಟುಕೊಂಡು ಹುಡುಗರ ಉಜ್ಜಾಟ: 220, 320, 400, 600ರ ವಾಟರ್ ಪೇಪರ್. ಕಡೆಗೆ ಬನಿಯನ್ ವೇಸ್ಟಿನಲ್ಲಿ ಕಾಂಪೌಂಡ್ ಅದ್ದಿ ರಬ್ಬಿಂಗ್. ಹೊಸ ಕಾರು ಸಿಗುವುದೇ ದುರ್ಲಭವಾಗಿದ್ದ ಆ ದಶಕಗಳಲ್ಲಿ ಒಂದೇ ಕಾರು ಐದಾರು ಸಲ ಹೊಸದಾಗಬೇಕಾಗಿತ್ತು. ಮೊದಲ ಪ್ಯಾರಾದ ಉಂಗುರಗಳು ಹುಟ್ಟಿದ್ದು ಅಲ್ಲಿ.

ಕರಾವಳಿಯ ಪೇಂಟರಿಗೆ ಇನ್ನೂ ಒಂದು ಶತ್ರು. ಮಳೆಗಾಲದಲ್ಲಿ ಎನ್‌ಸಿ ಹೊಡೆದರೆ ಥಿನ್ನರ್ ಹಾರುವ ರಭಸಕ್ಕೆ ತಗಡಿನ ಮೈ ತಣ್ಣಗಾಗಿ, ಗಾಳಿಯ ತೇವವೆಲ್ಲ ಅದರ ಮೇಲೆ ಇಬ್ಬನಿಯಂತೆ ಕೂತು, ಕಡುಗಪ್ಪು ಬಣ್ಣವೂ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ನಿಧಾನವಾಗಿ ಹಾರುವ ಥಿನ್ನರ್ ಬೆರೆಸಬೇಕು, ಇಲ್ಲವೇ ಬಿಸಿಲಿಗೆ ಕಾಯಬೇಕು. ಯಾವ ಪುಸ್ತಕವನ್ನೂ ಓದದೆ ಆಕಾಶ ನೋಡಿ, ಗಾಳಿಯ ತೇವವನ್ನು ಚರ್ಮದಲ್ಲೇ ಅಳೆದು ‘ಇವತ್ತು ಬೇಡ’ ಎನ್ನುತ್ತಿದ್ದ ಪೇಂಟರುಗಳ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ. ಈ ಕಸುಬಿನ ಚರಿತ್ರೆಯಲ್ಲಿ ಅತಿ ದೊಡ್ಡ ನಷ್ಟ ಇದೇ.

1970ರ ದಶಕದ ಕೊನೆಯಿಂದ ಕಾರುಗಳಿಗೆ ಬಣ್ಣ ಬೇರೆ, ಮೇಲಿನ ಪಾರದರ್ಶಕ ಹೊದಿಕೆ ಬೇರೆ ಎಂಬ ಪದ್ಧತಿ ಹಬ್ಬಿತು. ಅಂಥ ಕಾರನ್ನು ಪಾಲಿಶ್ ಮಾಡಿದರೆ ಬಟ್ಟೆಗೆ ಬರುವುದು ಬಿಳಿ ಕೊಳೆ. ಡ್ಯೂಕೋ ಕಾಲದ ಕಾರಿನಲ್ಲಿ ಬಣ್ಣವೇ ಬಟ್ಟೆಗೆ ಬರುತ್ತದೆ. ಕೆಂಪು ಕಾರು ಉಜ್ಜಿದರೆ ಬಟ್ಟೆ ಕುಂಕುಮ. ಎಷ್ಟು ತೆಗೆದೆವೆಂಬ ಲೆಕ್ಕ ಕಣ್ಣಿಗೇ ಕಾಣುವುದು ಹಳೆಯ ಬಣ್ಣದ ಒಂದು ಪ್ರಾಮಾಣಿಕತೆ. ಹೊಸ ಹೊದಿಕೆಯ ದಪ್ಪ 40–50 ಮೈಕ್ರಾನಿನ ಆಸುಪಾಸು, ತಲೆಗೂದಲಿಗಿಂತ ಕಡಿಮೆ. ಅದನ್ನು ಅಳೆಯಲು ಮೀಟರ್ ಬೇಕು. ಇವತ್ತಿನ ಡೀಟೇಲಿಂಗ್‌ನವರು ಆ ಮೀಟರನ್ನು ಹಳೆಯ ಕಾರಿಗೂ ಹಿಡಿಯುತ್ತಾರೆ. ಉಬ್ಬಿದ ಅಂಚಿನಲ್ಲಿ, ಬಾನೆಟ್ಟಿನ ಏಣಿನಲ್ಲಿ ಅಂಕಿ ಥಟ್ಟನೆ ಇಳಿಯುತ್ತದೆ. ತಲೆಮಾರುಗಟ್ಟಲೆ ಕೈಗಳು ಅಲ್ಲೇ ಹೆಚ್ಚು ಒತ್ತಿವೆ.

ಹೊಳಪಿನ ಆಸೆ ಅತಿಯಾದ ಕಾಲವೂ ಬಂತು. ದಿಲ್ಲಿಯಲ್ಲಿ 1964ರಿಂದ ಸ್ಟೇಟ್ಸ್‌ಮನ್ ಪತ್ರಿಕೆಯ ವಿಂಟೇಜ್ ರ‍್ಯಾಲಿ ನಡೆಯುತ್ತಿದೆ; ಕ್ಯಾಲಿಫೋರ್ನಿಯದ ಪೆಬಲ್ ಬೀಚ್ ಪ್ರದರ್ಶನ ಶುರುವಾದದ್ದು 1950ರಲ್ಲಿ. ಇಂಥಲ್ಲಿ ಬಹುಮಾನ ಬಹುಕಾಲ ಹೋದದ್ದು ಅತಿ ಹೊಳೆಯುವ ಕಾರಿಗೆ. ಗೆಲ್ಲಲೆಂದು ಮಾಲೀಕರು ಮೂಲ ಬಣ್ಣವನ್ನು ತಗಡಿನವರೆಗೆ ಕೆರೆಸಿ, ಕಾರ್ಖಾನೆ ಎಂದೂ ಕೊಡದಿದ್ದ ಕನ್ನಡಿ ಮೈಯನ್ನು ಹೊದಿಸಿದರು. 1930ರ ಕಾರು 1930ರಲ್ಲಿ ಇದ್ದುದಕ್ಕಿಂತ ಹೊಸದಾಯಿತು. ಹೀಗೆ ಕಳೆದುಹೋದ ಬಣ್ಣಗಳನ್ನು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಹಳೆಯ ದೇಗುಲದ ಕಲ್ಲಿಗೆ ಮರಳು ಊದಿ ತೊಳೆದಾಗ ಸಂಕಟಪಡುವವರು ಕಾರಿನ ಮೈ ಕೆರೆದಾಗ ಏಕೆ ಸುಮ್ಮನಿರಬೇಕು? ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿಕೊಂಡದ್ದು ಈ ಕಾರಣಕ್ಕೆ. ಇರುವುದನ್ನು ಕಾಪಾಡುವುದೇ ಮೊದಲು, ಹೊಸದಾಗಿ ಮಾಡುವುದು ಕೊನೆಗೆ ಎಂಬುದು ಅದರ ತಿರುಳು. ಭಾರತ ಸರ್ಕಾರದ 2021ರ ನಿಯಮವೂ 50 ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದ ವಾಹನಕ್ಕೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್ ಪ್ಲೇಟ್ ಕೊಡುತ್ತದೆ. ಧರ್ಮಸ್ಥಳದಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲೂ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ನೋಡಹೋದವರು ಕ್ರೋಮಿನ ಗ್ರಿಲ್ ಮುಂದೆ ಫೋಟೊ ತೆಗೆಸಿಕೊಂಡಾದ ಮೇಲೆ ಒಂದು ಕ್ಷಣ ಬಗ್ಗಿ ಮಡ್‌ಗಾರ್ಡಿನ ಅಂಚುಗಳನ್ನೂ ನೋಡಬೇಕು.

ಮೂಲ ಬಣ್ಣ ಉಳಿದಿರುವ ಕಾರು ಕೈಗೆ ಬಂದರೆ ಬಲ್ಲವರು ಈಗ ಮಷೀನ್ ಹಿಡಿಯುವುದಿಲ್ಲ. ನೆರಳಿನಲ್ಲಿ ನಿಲ್ಲಿಸಿ, ನೀರು ಹರಿಸಿ ಕೊಳೆ ಬಿಡಿಸುತ್ತಾರೆ. ಉಬ್ಬಿದ ಅಂಚುಗಳಿಗೆಲ್ಲ ಟೇಪು ಅಂಟಿಸುತ್ತಾರೆ. ಎಣ್ಣೆಯಂಶ ಹೆಚ್ಚಿರುವ ಪಾಲಿಶನ್ನು ಮೆದು ಟವಲಿನಿಂದ ಧಾರಾಳವಾಗಿ ಹಚ್ಚಿ, ಒಣಗಿ ಬಾಯಾರಿದ ಬಣ್ಣ ಅದನ್ನು ಕುಡಿಯಲೆಂದು ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ಒರೆಸಿ ಮತ್ತೊಮ್ಮೆ ಹಚ್ಚುತ್ತಾರೆ. ಪುಡಿ ಪುಡಿಯಾಗಿದ್ದ ಮೇಲ್ಮೈಯಲ್ಲಿ ಮೊದಲು ಬಣ್ಣದ ಆಳ ಮರಳುತ್ತದೆ. ಹೊಳಪು ಆಮೇಲೆ, ಸ್ವಲ್ಪವೇ. ಬಟ್ಟೆಯಲ್ಲಿ ಬಣ್ಣ ಗಾಢವಾಗುತ್ತಿದ್ದಂತೆ ಕೈ ನಿಲ್ಲುತ್ತದೆ. ಡ್ರೈವರ್ ಬಾಗಿಲಿನ ಮೇಲಂಚಿನಲ್ಲಿ, ಯಾರೋ ವರ್ಷಗಟ್ಟಲೆ ಮೊಣಕೈ ಊರಿದ ಕಡೆ, ಬಣ್ಣ ಸವೆದು ಕೆಂಪು ಪ್ರೈಮರು ಕಾಣುತ್ತಿರುತ್ತದೆ. ಅದನ್ನು ಮುಚ್ಚುವುದಿಲ್ಲ. ತೆಳ್ಳಗೆ ಮೇಣ ಸವರಿ, ಬಾಗಿಲು ಹಾಕುತ್ತಾರೆ.